ಹತ್ತು ಕಿಲೋ ಆರೋಗ್ಯ

ಹೆಂಡತಿಯ ಮಂಡಿ ಸವೆದರೆ ತನ್ನ ಹೊಟ್ಟೆಯನ್ನೇಕೆ ಕರಗಿಸಬೇಕು ಎಂಬುದು ಗುಜರಿ ಅಂಗಡಿಯವನಿಗೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಸರ್ಕಾರದ ಆರೋಗ್ಯ ವಿಮೆಯ ಹೊಸ ನಿಯಮ ಹಾಗಿತ್ತು. ಮನೆಯ ಯಜಮಾನ ಆರು ತಿಂಗಳಲ್ಲಿ ಹತ್ತು ಕಿಲೋ ಇಳಿದರೆ ಮನೆಮಂದಿಯ ಶಸ್ತ್ರಚಿಕಿತ್ಸೆ ಪುಕ್ಕಟೆ, ಇಳಿಯದಿದ್ದರೆ ಇಲ್ಲ. ಮಹಡಿಯ ಮೇಲಿದ್ದ ಆಕೆ ಮೆಟ್ಟಿಲಿಳಿಯಲಾರದೆ ಕಿಟಕಿಯಿಂದ ಬುಟ್ಟಿ ಇಳಿಬಿಟ್ಟು ತರಕಾರಿ ಕೊಳ್ಳುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಅವನ ಕರುಳು ಚುರುಕ್ಕೆನ್ನುತ್ತಿತ್ತು. ಬೇಕರಿಯ ಮುಂದೆ ಹಾಯುವಾಗ ಅದೇ ಕರುಳು ಬೇರೆ ಮಾತಾಡುತ್ತಿತ್ತು.

ಆದ್ದರಿಂದ ಇಳಿಯುವ ಕಷ್ಟವೇ ಬೇಡ, ಮೊದಲೇ ಹತ್ತು ಕಿಲೋ ಏರಿಬಿಡೋಣವೆಂದು ಅವನು ನಿಶ್ಚಯಿಸಿದ. ಹಳೆಯ ಬ್ಯಾಟರಿಗಳ ಸೀಸಕ್ಕೆ ಅಂಗಡಿಯಲ್ಲಿ ಬರವಿರಲಿಲ್ಲ. ಅದನ್ನು ತೆಳ್ಳಗೆ ತಟ್ಟಿ, ದಪ್ಪ ಬನಿಯನ್ನಿನ ಒಳಗೆ ಪಟ್ಟಿಪಟ್ಟಿಯಾಗಿ ಹೊಲಿದ. ಬೆನ್ನಿಗಷ್ಟು, ಹೊಟ್ಟೆಗಷ್ಟು. ಕಬ್ಬಿಣವಾದರೆ ಖಣಖಣ ಎಂದು ಚಾಡಿ ಹೇಳುತ್ತದೆ, ಸೀಸ ಬಾಯಿ ಬಿಡುವುದಿಲ್ಲ. ಆಸ್ಪತ್ರೆಯಲ್ಲಿ ಅಂಗಿ ಬಿಚ್ಚಿಸುವುದಿಲ್ಲವೆಂಬುದನ್ನೂ ಮುಂಚೆಯೇ ಹೋಗಿ ನೋಡಿಕೊಂಡು ಬಂದಿದ್ದ.

ಮೊದಲ ತೂಕದ ದಿನ ನರ್ಸಮ್ಮ ಮುಳ್ಳನ್ನು ನೋಡಿ ಹುಬ್ಬೇರಿಸಿದಳು. “ತೊಂಬತ್ತೆರಡು. ನೋಡಿದ್ರೆ ಅಷ್ಟು ಕಾಣಲ್ವಲ್ಲ ಯಜಮಾನ್ರೆ?”

“ನಮ್ಮ ಮನೆತನದವರದ್ದು ಗಟ್ಟಿ ಮೂಳೆ ತಾಯಿ,” ಎಂದ ಅವನು, ಉಸಿರು ಬಿಗಿಹಿಡಿದು.

ಎಂಬತ್ತೆರಡಾಗಿ ಬನ್ನಿ ಎಂದು ಆಕೆ ಕಳಿಸಿದಳು. ಅವನು ಮನೆಗೆ ಬಂದು ಬನಿಯನ್ ಬಿಚ್ಚಿ, ಆ ಗಳಿಗೆಯಲ್ಲೇ ಎಂಬತ್ತೆರಡಾದ.

ಇನ್ನು ಉಳಿದದ್ದು ಪಥ್ಯದ ನಾಟಕ. ಹೆಂಡತಿ ಬೇಯಿಸಿಟ್ಟ ಸಪ್ಪೆ ಸೋರೆಕಾಯಿಯನ್ನು ಅವನು ಮರುಮಾತಿಲ್ಲದೆ ನುಂಗಿ, ವಾಕಿಂಗ್ ಎಂದು ಹೇಳಿ ಬೇಕರಿಗೆ ಹೊರಡುತ್ತಿದ್ದ. ಬಿಸಿ ಬನ್ನು ಒಲೆಯಿಂದಿಳಿಯುವ ಹೊತ್ತು ತಪ್ಪಬಾರದೆಂದು ಅವಸರಪಟ್ಟರೆ ಆಕೆ ಕಿಟಕಿಯಿಂದ ಕೂಗುತ್ತಿದ್ದಳು: “ರೀ, ನನಗೋಸ್ಕರ ಅಷ್ಟೊಂದು ಓಡಬೇಡಿ, ಎದೆ ಹಿಡ್ಕೊಂಡೀತು.” ಗಂಡನಿಗಿಲ್ಲದ ಸಕ್ಕರೆ ತನಗೂ ಬೇಡವೆಂದು ಆಕೆ ಸಪ್ಪೆ ಚಹಾ ಕುಡಿಯತೊಡಗಿದಾಗ ಅವನ ಮನಸ್ಸಿಗೆ ಮುಳ್ಳು ಚುಚ್ಚಿದಂತಾಯಿತು. ದೇವರು ಉದ್ದೇಶ ನೋಡುತ್ತಾನೆ, ಬನ್ನನ್ನಲ್ಲ ಎಂದು ಸಮಾಧಾನ ಮಾಡಿಕೊಂಡ.

ಒಂದು ದಿನ ಅಂಗಿಯ ಗುಂಡಿ ಕಿತ್ತು ಹಾರಿದಾಗ ಮಾತ್ರ ಎದೆ ಧಸಕ್ಕೆಂದಿತು. ಅಂಗಡಿಯ ಬಾಗಿಲು ಓರೆಮಾಡಿ, ಕಬ್ಬಿಣ ತೂಗುವ ದೊಡ್ಡ ತಕ್ಕಡಿಯ ಹಲಗೆ ಹತ್ತಿ ನಿಂತ. ಎಪ್ಪತ್ತೈದು! ಅವನು ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ತಿಂದದ್ದು ತನ್ನ ಮೈಗೆ ಹತ್ತುವುದೇ ಇಲ್ಲ ಎಂದಾಯಿತು. ಎಂಬತ್ತೆರಡರವರೆಗೆ ಇನ್ನೂ ಏಳು ಕಿಲೋ ಜಾಗವಿದೆಯಲ್ಲ! ಅಂದಿನಿಂದ ಬನ್ನಿನ ಜೊತೆಗೆ ಕೇಕೂ ಸೇರಿತು. ಆದರೂ ಅವನು ಮೈಮರೆಯುವ ಆಸಾಮಿಯಲ್ಲ. ವಾರಕ್ಕೊಮ್ಮೆ ತಪ್ಪದೆ ಹಲಗೆ ಹತ್ತುತ್ತಿದ್ದ. ಗಡುವಿನ ದಿನ ಬೆಳಗ್ಗೆ ಮುಳ್ಳು ಎಂಬತ್ತೊಂದಕ್ಕೆ ನಿಂತಿತು. ಇನ್ನೂ ಒಂದು ಕಿಲೋ ಕೈಯಲ್ಲಿತ್ತು.

ಹೆಂಡತಿ ಅವನ ಹೆಗಲು ಹಿಡಿದು, ಮೆಟ್ಟಿಲಿಗೊಂದು ದೇವರ ಹೆಸರು ಹೇಳುತ್ತ ಇಳಿದು, ಜೊತೆಗೇ ಆಸ್ಪತ್ರೆಗೆ ಬಂದಳು. ಅವನು ಮದುಮಗನಂತೆ ತೂಕದ ಯಂತ್ರ ಹತ್ತಿದ.

“ತೊಂಬತ್ತು,” ಎಂದಳು ನರ್ಸಮ್ಮ.

ನಿಮ್ಮ ಯಂತ್ರವೇ ಕೆಟ್ಟಿದೆ ಎಂದು ಅವನು ಜಗಳಕ್ಕೆ ನಿಂತ. ಆಕೆ ಮುದ್ರೆಯೊತ್ತಿದ ಇಪ್ಪತ್ತು ಕಿಲೋ ತೂಕದ ಬಟ್ಟನ್ನು ಯಂತ್ರದ ಮೇಲೆ ತಂದಿಟ್ಟಳು. ಮುಳ್ಳು ಕೂದಲೆಳೆಯಷ್ಟೂ ಅಲುಗದೆ ಇಪ್ಪತ್ತಕ್ಕೆ ನಿಂತಿತು. “ಬೆಳಗ್ಗೆ ತಾನೇ ನಮ್ಮ ಅಂಗಡೀಲಿ ತೂಗಿದೀನಿ, ಎಂಬತ್ತೊಂದು!” ಎಂದು ಅವನು ಇಡೀ ಸಾಲಿಗೆ ಕೇಳುವಂತೆ ಕೂಗಿದ. ಸಾಲಿನಲ್ಲಿದ್ದವರಲ್ಲಿ ಅರ್ಧ ಜನ ಅವನಿಗೆ ಹಳೇ ಕಬ್ಬಿಣ ಮಾರಿದವರು. ಎಲ್ಲರೂ ಕತ್ತು ಮುಂದೆ ಚಾಚಿದರು. ಹೆಂಡತಿ ಮೆಲ್ಲನೆ ಅವನ ತೋಳು ಹಿಡಿದು ಕೇಳಿದಳು: “ರೀ, ಆ ತಕ್ಕಡೀಲಾ ತೂಗಿದ್ದು?” ಆಗ ಅವನಿಗೆ ನೆನಪಾಯಿತು: ಗುಜರಿ ಮಾರಲು ಬಂದವರ ಹತ್ತು ಕಿಲೋ ಒಂಬತ್ತಾಗಿ ಕಾಣಲೆಂದು, ಅಂಗಡಿ ತೆರೆದ ದಿನವೇ ಆ ತಕ್ಕಡಿಯ ತಿರುಪನ್ನು ತನ್ನ ಕೈಯಾರೆ ತಿರುಗಿಸಿಟ್ಟಿದ್ದ.