ಭಾವನ ಕೆಂಪು ಚುಕ್ಕೆ

ದೆವ್ವ ಎಂದವರಿಗೆ ಮುಖ ಮೂತಿ ನೋಡದೆ ಬೈಯುವವನು ನಾನು. ಆದರೂ ಅಕ್ಕನ ಶೆಡ್ಡಿನಲ್ಲಿ ಆದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಭಾವ ತೀರಿಕೊಂಡ ಮೇಲೆ ಅವರ ಹಳೆಯ ಕಾರನ್ನು ಯಾರೂ ಚಾಲೂ ಮಾಡಿರಲಿಲ್ಲ. ಗೇರ್‌ಬಾಕ್ಸಿನ ಎಣ್ಣೆಯನ್ನು ತಂಪು ಮಾಡುವ ಕೊಳವೆಗಳು ಸೋರುತ್ತಿದ್ದವು. ಬಿಸಿ ಸೈಲೆನ್ಸರ್ ಮೇಲೆ ಆ ಎಣ್ಣೆ ಬಿದ್ದರೆ ಗಾಡಿಗೆ ಬೆಂಕಿಯೇ. ಅಕ್ಕನೋ, ಮಗಳನ್ನು ಕೂರಿಸಿಕೊಂಡು ಸಂಜೆಯೇ ಅದರಲ್ಲಿ ಹೊರಡುವವಳು.

ಕಾರಿನ ಕೆಳಗೆ ನುಗ್ಗಿದೆ. ನಟ್ಟುಗಳ ಮೇಲೆಲ್ಲ ಒಣಗಿದ ಕೆಂಪು ಚುಕ್ಕೆಗಳು. ಬಿಗಿ ಮಾಡಿದ್ದಕ್ಕೆ ಗುರುತೆಂದು ಭಾವ ಅಕ್ಕನ ಉಗುರುಬಣ್ಣ ಕದ್ದು ಹಚ್ಚುತ್ತಿದ್ದರು. ಹಳೆಯ ಕೊಳವೆ ಬಿಚ್ಚಿದೆ. ಸುರಿದ ಎಣ್ಣೆ, ಆಗಷ್ಟೇ ಓಡಿ ನಿಂತ ಗಾಡಿಯ ಎಣ್ಣೆಯಂತೆ ಬೆಚ್ಚಗಿತ್ತು.

ಹೊಸ ಕೊಳವೆಯ ಕೊನೆಯ ನಟ್ಟನ್ನು ಬೆರಳಿನಲ್ಲಿ ತಿರುಗಿಸುತ್ತಿದ್ದಾಗ ಅಕ್ಕ ಕೂಗಿದಳು: "ಇನ್ನೂ ಆಗ್ಲಿಲ್ವೇನೋ?"

"ನೀನೇ ಬಂದು ಮಲಕ್ಕೋ ಇಲ್ಲಿ!" ಎಂದು ನಟ್ಟು ಬಿಗಿಯುವ ಪಾನಾ ಬಿಸಾಡಿ ನೀರು ಕುಡಿಯಲು ಒಳಗೆ ಹೋದೆ. ಅಕ್ಕ ಬೈಯುತ್ತಾ ನನ್ನ ಹಿಂದೆಯೇ ಬಂದಳು.

ಮರಳಿ ಬಂದು ಪಾನಾ ಹಾಕಿದರೆ ಆ ನಟ್ಟು ಕದಲಲಿಲ್ಲ. ಬಿಗಿಯಾಗಿತ್ತು. ಮೇಲೆ ಕೆಂಪು ಚುಕ್ಕೆ.

"ಅಕ್ಕಾ, ಉಗುರುಬಣ್ಣ ಎಲ್ಲಿಟ್ಟಿದೀಯ?"

"ಅವ್ರು ಹೋದ ದಿನಾನೇ ಎಸೆದ್ನಲ್ಲೋ. ಯಾಕೆ?"

ಚುಕ್ಕೆ ಮುಟ್ಟಿದ ಬೆರಳಿಗೆ ಬಣ್ಣ ಅಂಟಿತ್ತು.