ಇಂಜಿನ್ನೊಳಗಿನ ಗಂಟು

“ಇದನ್ನ ಬಿಚ್ಚೋಕೆ ಹೋಗಬೇಡ ತಮ್ಮಾ. ಹಾಗೇ ಎತ್ತಿ ಆಳದ ನೀರಿಗೆ ಹಾಕಿಬಿಡು. ಬೇರೆ ಇಂಜಿನ್ ನಾನು ಕೂರಿಸಿಕೊಡ್ತೀನಿ.”

ದೋಣಿ ರಿಪೇರಿಯ ಮೇಸ್ತ್ರಿ ಇಷ್ಟು ಹೇಳಿ ದೂರವೇ ನಿಂತ. ಫಿಟ್ಟರನಿಗೆ ನಗು ತಡೆಯಲಾಗಲಿಲ್ಲ. ಬಸ್ ಡಿಪೋದ ಗ್ರೀಸಿನಲ್ಲೇ ಅರ್ಧ ಆಯುಷ್ಯ ಕಳೆದು, ಹೆಂಡತಿಯನ್ನು ಕಟ್ಟಿಕೊಂಡು ಈ ದ್ವೀಪಕ್ಕೆ ಹೊಸದಾಗಿ ಬಂದವನು ಅವನು. ಮಾಟದ ದೋಣಿಯೆಂದು ಯಾರೂ ಮುಟ್ಟದೆ ದಡದಲ್ಲಿ ಬಿದ್ದಿದ್ದುದನ್ನು ಖುಷಿಯಿಂದಲೇ ತನ್ನದಾಗಿಸಿಕೊಂಡಿದ್ದ.

“ಸೀಜ್ ಆಗಿ ತಿರುಗದೆ ನಿಂತ ಇಂಜಿನ್ನಿಗೆಲ್ಲ ಮಾಟ ಅಂದ್ರೆ, ನಮ್ಮ ಡಿಪೋಗೆ ದಿನಾ ಒಬ್ಬ ಮಂತ್ರವಾದೀನ ಕೆಲಸಕ್ಕೆ ಇಟ್ಕೋಬೇಕಿತ್ತು ಮೇಸ್ತ್ರಿ!”

ಮೇಸ್ತ್ರಿ ನಗಲಿಲ್ಲ. ತಗ್ಗಿದ ದನಿಯಲ್ಲಿ ಹಳೆಯದನ್ನು ಹೇಳಿದ. ಈ ದೋಣಿಯ ಹಿಂದಿನ ಯಜಮಾನ, ಹೆರಿಗೆ ನೋವು ತಿನ್ನುತ್ತಿದ್ದ ಹೆಣ್ಣೊಬ್ಬಳನ್ನು ಹಲಗೆ ಹೊಲಸಾಗುತ್ತದೆಂದು ಹತ್ತಿಸಿಕೊಳ್ಳಲಿಲ್ಲ. ಮಗು ಹೊಟ್ಟೆಯಲ್ಲೇ ಸಿಕ್ಕಿಕೊಂಡು ಅವಳು ದಡದಲ್ಲಿ ಸತ್ತಳು. ಅವಳ ತಾಯಿ ಮಗಳ ಕೂದಲನ್ನು ಕಪ್ಪು ದಾರದೊಂದಿಗೆ ಹೊಸೆದು, ಮಂತ್ರಿಸಿ ಗಂಟು ಹಾಕಿ, ಇಂಜಿನ್ನಿನ ಎಣ್ಣೆಗೆ ಇಳಿಬಿಟ್ಟಳು. ಓಡುತ್ತಿದ್ದ ಇಂಜಿನ್ ನಡುನೀರಿನಲ್ಲಿ ಹಿಡಿದುಕೊಂಡಿತು. ದೋಣಿ ಮಾತ್ರ ತೇಲಿ ಬಂತು. ಯಜಮಾನ ಬರಲಿಲ್ಲ.

“ಮಗಳ ಹೊಟ್ಟೆ ಕಟ್ಟಿದ ಹಾಗೆ ಕಟ್ಟಲಿ ಅಂತ ಹಾಕಿದ ಕಟ್ಟು ಅದು. ಕಬ್ಬಿಣದಲ್ಲಿದೆ, ಇರಲಿ. ಬಿಡಿಸಿದ್ರೆ ಅದು ಎಲ್ಲಿಗಾದ್ರೂ ಹೋಗಲೇಬೇಕಲ್ಲಪ್ಪಾ? ನಿನ್ನ ಹೆಂಡತಿ ಬೇರೆ ತುಂಬು ಬಸುರಿ.”

“ಬೇರೆ ಇಂಜಿನ್ ಕೂರಿಸೋಕೆ ಎಷ್ಟು ಹೊತ್ತು ಬೇಕು?”

“ಒಂದು ವಾರ. ಶಾಫ್ಟ್ ಹೊಂದಬೇಕಲ್ಲ.”

ವಾರ ಎಲ್ಲಿಂದ ತರುವುದು? ಹೆಂಡತಿಗೆ ರಕ್ತ ಕಡಿಮೆ, ಮನೆಯಲ್ಲಿ ಹೆರಿಗೆ ಮಾಡಿಸಿದರೆ ಜೀವಕ್ಕೇ ಅಪಾಯ ಎಂದಿದ್ದರು ಆಚೆ ದಡದ ಡಾಕ್ಟರು. ಉಳಿದ ದೋಣಿಗಳೆಲ್ಲ ಮೀನಿಗೆಂದು ದೂರ ಹೋಗಿದ್ದವು. ರಿಪೇರಿಯಾದರೆ ಇವತ್ತೇ ಮುಗಿಯುತ್ತದೆ. ಫಿಟ್ಟರ್ ಪಾನಾ ಎತ್ತಿಕೊಂಡ.

“ನಿನ್ನ ಹಣೆಬರಹ,” ಎಂದ ಮೇಸ್ತ್ರಿ ಹೊರಡುತ್ತಾ. “ಗಂಟು ಕಣ್ಣಿಗೆ ಬಿದ್ರೆ ಕತ್ತರಿಸಬೇಡ ಮಾರಾಯ.”

ಮುಚ್ಚಳ ಬಿಚ್ಚಿದೊಡನೆ ಸುಟ್ಟ ಕೂದಲ ವಾಸನೆ ಮುಖಕ್ಕೆ ರಾಚಿತು. ಜೊತೆಗೆ ಹಳಸಿದ ರಕ್ತದ ವಾಸನೆ. ತಳದ ಕರಿ ಎಣ್ಣೆಯಲ್ಲಿ ಇಂಜಿನ್ನಿನ ದಂಡಕ್ಕೆ ಸುತ್ತಿಕೊಂಡು ಆ ಗಂಟು ಇತ್ತು. ಸುಟ್ಟಿರಲಿಲ್ಲ, ಕೊಳೆತಿರಲಿಲ್ಲ. ಆಗಷ್ಟೇ ತಲೆಗೆ ನೀರು ಹಾಕಿಕೊಂಡು ಬಂದವಳ ಜಡೆಯಂತೆ ಒದ್ದೆಯಾಗಿತ್ತು. ಸಿಕ್ಕುಬಿದ್ದ ದಾರವನ್ನು ಬಿಡಿಸುತ್ತಾ ಕೂರುವುದು ಡಿಪೋದಲ್ಲಿ ಯಾರಿಗೂ ಅಭ್ಯಾಸವಿಲ್ಲ. ಫಿಟ್ಟರ್ ಕಟಿಂಗ್ ಪ್ಲೇಯರ್ ಇಟ್ಟು ಕಚಕ್ಕೆಂದು ಕತ್ತರಿಸಿದ. ಇಂಜಿನ್ನೊಳಗೆ ಏನನ್ನೂ ಬಿಟ್ಟುಬರಬಾರದೆಂಬುದೂ ಅದೇ ಡಿಪೋದ ಪಾಠ. ತುಂಡುಗಳನ್ನು ಅಂಗಿಯ ಜೇಬಿಗೆ ತುರುಕಿಕೊಂಡ. ತಿರುಗಿಸಲೆಂದು ಸಲಾಕೆ ಹುಡುಕಿ ಬರುವಷ್ಟರಲ್ಲಿ ಇಂಜಿನ್ನಿನ ಚಕ್ರ ತಾನಾಗಿಯೇ ಒಂದು ಸುತ್ತು ತಿರುಗಿತು. ಯಾರೋ ನಿಟ್ಟುಸಿರು ಬಿಟ್ಟಂತೆ ಒಂದು ಸದ್ದು.

“ನೋಡಿದ್ರಾ ಮೇಸ್ತ್ರಿ!” ಎಂದು ಖಾಲಿ ದಡಕ್ಕೆ ಕೂಗಿದ.

ಮಧ್ಯಾಹ್ನಕ್ಕೇ ನೋವು ಶುರುವಾಯಿತು. ಬಾಣಂತನಕ್ಕೆಂದು ಬಂದಿದ್ದ ಅವನ ಅಕ್ಕ, ಹೆಂಡತಿಯನ್ನು ತಬ್ಬಿ ಹಿಡಿದು ದೋಣಿ ಹತ್ತಿಸಿದಳು. ಇಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಸುತ್ತ ಬಿಳಿ ಮಂಜು. ಟಕ್ ಟಕ್ ಟಕ್. ದಡ ಮರೆಯಾಯಿತು.

ನಡುನೀರಿಗೆ ಬಂದಾಗ ಹೆಂಡತಿಯ ನರಳಾಟ ತಟ್ಟನೆ ನಿಂತಿತು.

“ಏನಾಯ್ತಕ್ಕಾ?”

“ನೋವು ನಿಂತೋಯ್ತು ಕಣೋ. ಹೊಟ್ಟೆ ಮುಟ್ಟಿ ನೋಡು... ಕಲ್ಲಾಗಿದೆ.”

ಕಲ್ಲಲ್ಲ. ಕಬ್ಬಿಣ. ತಣ್ಣಗಿನ ಕಬ್ಬಿಣ. ಬೆರಳಿಟ್ಟರೆ ಒಳಗಿನಿಂದ ಟಕ್ ಟಕ್ ಎಂದು ಇಂಜಿನ್ನಿನದೇ ಬಡಿತ. ಅವಳ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಅವಳ ಉಸಿರಿನಲ್ಲಿ ಸುಟ್ಟ ಕೂದಲ ವಾಸನೆ.

ಬಿಡಿಸಿದ್ರೆ ಅದು ಎಲ್ಲಿಗಾದ್ರೂ ಹೋಗಲೇಬೇಕಲ್ಲಪ್ಪಾ?

ಅವನು ಇಂಜಿನ್ ನಿಲ್ಲಿಸುವ ಸರಳನ್ನು ಎಳೆದ. ನಿಲ್ಲಲಿಲ್ಲ. ಡೀಸೆಲ್ ಮುಚ್ಚಿದ. ನಿಲ್ಲಲಿಲ್ಲ. ಪೈಪನ್ನೇ ಕಿತ್ತೆಸೆದ. ಡೀಸೆಲ್ಲಿಲ್ಲದೆ ಓಡಿತು. ನಗುತ್ತಾ ಓಡಿತು.

“ಉಸಿರು ನಿಲ್ತಿದೆ ಕಣೋ! ಏನಾದ್ರೂ ಮಾಡೋ!” ಅಕ್ಕ ಎದೆ ಬಡಿದುಕೊಂಡಳು.

ಜೇಬು. ದಾರದ ತುಂಡುಗಳು. ಇನ್ನೂ ಒದ್ದೆ. ತಿರುಗುವ ಚಕ್ರಕ್ಕೆ ಕಟ್ಟುವುದು ಹೇಗೆ? ಎಸೆದರೆ ಎಲ್ಲಿಗೆ ಹೋಗುತ್ತದೋ. ಅವನು ತನ್ನ ಬಲಗೈ ನೋಡಿಕೊಂಡ. ಅನ್ನ ಕೊಟ್ಟ ಕೈ. ಕತ್ತರಿಸಿದ ಕೈ. ಮಣಿಕಟ್ಟಿಗೆ ದಾರ ಸುತ್ತಿದ. ತುದಿಯನ್ನು ಹಲ್ಲಿನಿಂದ ಕಚ್ಚಿ ಎಳೆದ. ಬಾಯಿ ತುಂಬ ರಕ್ತದ ರುಚಿ.

“ಕತ್ತರಿಸಿದ್ದು ನಾನು ತಾಯೀ. ಅವಳನ್ನ ಬಿಡು. ನನ್ನ ಹಿಡ್ಕೋ.”

ಗಂಟು ಬಿತ್ತು. ಇಂಜಿನ್ ದಡ್ಡೆಂದು ನಿಂತಿತು. ದೋಣಿಯ ಎಲುಬೆಲ್ಲ ನಡುಗಿತು. ಅವನ ಬಲಗೈ ಬೆರಳುಗಳು ಒಂದೊಂದಾಗಿ ಮಡಚಿಕೊಂಡವು. ಒಳಗೆ ಮೂಳೆ ಕಚ್ಚಿಕೊಂಡ ಸದ್ದು. ಅವನು ಕಿರುಚಿದ. ಅದೇ ಹೊತ್ತಿಗೆ ಹೆಂಡತಿಯೂ ಕಿರುಚಿದಳು, ಬದುಕಿರುವವರ ಕೂಗು. ಅದರ ಬೆನ್ನಿಗೇ ಮೂರನೆಯದೊಂದು ದನಿ, ಎಳೆಯದು, ಸಿಟ್ಟಿನದು.

“ಹೆಣ್ಣು ಕಣೋ!” ಅಕ್ಕ ಅಳುತ್ತಾ ಕೈಚಾಚಿದಳು. “ಹೊಕ್ಕಳಬಳ್ಳಿ ಕಟ್ಬೇಕು. ಆ ಕೈಲಿರೋ ದಾರ ಬಿಚ್ಚಿಕೊಡು, ಬೇಗ!”

“ಇದು ಬೇಡಕ್ಕಾ! ನಿನ್ನ ಸೀರೆ ಅಂಚು ಹರಿ!”

ಒಂದೇ ಕೈಯಲ್ಲಿ ಹುಟ್ಟು ಹಾಕಿದ. ನೀರಿನ ಸೆಳೆತ ಕರುಣೆ ತೋರಿ ಆಚೆ ದಡ ಮುಟ್ಟಿಸಿತು. ತಾಯಿ, ಮಗು ಉಳಿದರು.

ಮೇಸ್ತ್ರಿ ಹಳೆಯ ಇಂಜಿನ್ ಇಳಿಸಿ ಬೇರೆಯದನ್ನು ಕೂರಿಸಿದ. ಕೆಲಸದ ನಡುವೆ ಫಿಟ್ಟರನ ಬಿಚ್ಚದ ಮುಷ್ಟಿಯತ್ತ ನೋಡಿ, ಅಭ್ಯಾಸಬಲದಿಂದ ಎಣ್ಣೆ ಡಬ್ಬಿ ಬಗ್ಗಿಸಲು ಹೋಗಿ, ನಾಚಿ ಕೈ ಹಿಂತೆಗೆದ. ದಾರವೀಗ ಚರ್ಮದೊಳಗೆ ಇಳಿದಿದೆ. ಮೇಲೆ ಕಪ್ಪು ಗೆರೆಯಷ್ಟೇ. ಚಿಕ್ಕ ಆಪರೇಷನ್ ಸಾಕು, ಬೆರಳು ಬಿಡಿಸಬಹುದು ಎಂದರು ಡಾಕ್ಟರು. ಇವನು ಬೇಡವೆಂದ. ಇಷ್ಟು ಓದಿದವರ ಮಾತಿಗೂ ಬೆಲೆಯಿಲ್ಲವೇ ಎಂದು ಅವರು ನಕ್ಕರು. ಆ ನಗು ಅವನಿಗೆ ಗುರುತಿತ್ತು.

ಮಗಳಿಗೀಗ ಹಲ್ಲು ಬಂದಿದೆ. ತೊಡೆ ಏರಿ, ಅಪ್ಪನ ಮುಷ್ಟಿಯೊಳಗೆ ಏನೋ ಬಚ್ಚಿಟ್ಟಿದೆಯೆಂದು ಪುಟ್ಟ ಬೆರಳು ತೂರಿಸಿ ಎಳೆಯುತ್ತಾಳೆ, ಕೇಕೆ ಹಾಕುತ್ತಾಳೆ. ನಿನ್ನೆ ಕಿರುಬೆರಳು ಕೂದಲೆಳೆಯಷ್ಟು ಸಡಿಲಿತು. ಕೋಣೆಯಲ್ಲಿ ಒದ್ದೆ ಜಡೆಯ ವಾಸನೆ ಎದ್ದಿತು. ಅವನು ಬೆಚ್ಚಿ ಮುಷ್ಟಿಯನ್ನು ಬೆನ್ನ ಹಿಂದೆ ಒಯ್ದ.

“ಬೇಡ ಮಗಳೇ,” ಎಂದ. “ಇದನ್ನ ಮಾತ್ರ ಬಿಚ್ಚಬೇಡ.”

ಮಗಳಿಗೆ ನಗು ತಡೆಯಲಾಗಲಿಲ್ಲ.