ಒಂದು ಕೂಡಿಸು

"ಈ ಸಾಲು ಬರೆದವರಿಗೆ ಕೂಡೋ ಲೆಕ್ಕವೇ ಬರ್ತಿರಲಿಲ್ಲ ಅನ್ಸುತ್ತೆ!"

ಕಂಪ್ಯೂಟರ್ ಕೋಣೆಯಿಂದ ತೇಲಿಬಂದ ನಗು ಕೇಳಿ ಮೇರಿಮ್ ಬಾಗಿಲಲ್ಲೇ ನಿಂತಳು. ಹೊಸ ಮೇಷ್ಟ್ರಿಗೆಂದು ತಂದಿದ್ದ ಎಣ್ಣೆಯಲ್ಲಿ ಕರಿದ ಬಿಸಿ ಬೂರ್ಸೋಕಿನ ತಟ್ಟೆ ಕೈಯಲ್ಲೇ ಉಳಿಯಿತು.

"ಬರೆದದ್ದು ನನ್ನಜ್ಜಿ!"

ಹೊಸ ಮೇಷ್ಟ್ರು ಕುಬಾತ್ ಗಾಬರಿಯಿಂದ ತಿರುಗಿದ. ರಾಜಧಾನಿ ಬಿಷ್ಕೆಕ್‌ನಿಂದ ನರಿನ್‌ನ ಈ ಶಾಲೆಗೆ ಬಂದು ಅವನಿಗಿನ್ನೂ ವಾರವಾಗಿತ್ತಷ್ಟೇ.

'ಅಯ್ಯೋ… ಇಷ್ಟು ಒಳ್ಳೆಯ ಕಣ್ಣಿಗೆ ಇಂಥ ನಾಲಿಗೆಯೇ!' ಎಂದುಕೊಂಡಳು ಸಂಗೀತದ ಟೀಚರ್ ಮೇರಿಮ್.

ಅಜ್ಜಿ ತೆಂತಿ ಇದೇ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವಳು. ಅವಳು ಪಾಸ್ಕಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂ, ಹುಟ್ಟಿದ ವರ್ಷ ಕೊಟ್ಟರೆ ಯಾರಿಗೆ ಮುಚೊಲ್ ಬಂತೆಂದು ಹೇಳುತ್ತಿತ್ತು. ಹದಿಮೂರು, ಇಪ್ಪತ್ತೈದು, ಮೂವತ್ತೇಳು… ಹನ್ನೆರಡು ವರ್ಷಕ್ಕೊಮ್ಮೆ ಬದುಕು ಹೊರಳುವ ಈ ವಯಸ್ಸುಗಳೇ ಮುಚೊಲ್. ಹದಿಮೂರರ ಮಕ್ಕಳನ್ನು ಸಾಲಾಗಿ ಕೂರಿಸಿ ಅಜ್ಜಿಯೇ ಹರಸುತ್ತಿದ್ದಳು. ಹಳೆಯ ಕಂಪ್ಯೂಟರ್ ಸಾಯುವ ಮೊದಲು ಅದನ್ನೆಲ್ಲ ಪೈಥಾನ್ ಎಂಬ ಹೊಸ ಭಾಷೆಗೆ ತರುವ ಕೆಲಸ ಕುಬಾತ್‌ನದು.

"ಹಳೇ ಭಾಷೇಲಿ ಒಂದರಿಂದ ಎಣಿಸ್ತಾರೆ, ಹೊಸದರಲ್ಲಿ ಸೊನ್ನೆಯಿಂದ. ಅದಕ್ಕೇ 'ಒಂದು ಕೂಡಿಸು' ಅಂತ ಇದ್ದದ್ದನ್ನ ತೆಗೆದೆ ಅಷ್ಟೇ," ಎಂದು ತಡವರಿಸಿದ.

ಸೋಮವಾರ ಗೋಡೆಗೆ ಮುಚೊಲ್ ಬಂದವರ ಪಟ್ಟಿ ಬಿತ್ತು. ಹೋದ ವರ್ಷ ಹರಸಿಸಿಕೊಂಡ ಮಕ್ಕಳ ಹೆಸರೇ ಮತ್ತೆ! ಈ ವರ್ಷ ಹೊಸ ಬಟ್ಟೆ ತೊಟ್ಟು ಬಂದವರ ಹೆಸರಿಲ್ಲ. ಮಕ್ಕಳು ಅತ್ತರು. ಅಜ್ಜಿ ಕನ್ನಡಕ ಏರಿಸಿ ಓದಿದಳು, ತಿರುಗಿ ಮನೆಗೆ ನಡೆದಳು. ಆ ದಿನ ಚಹಾ ಕೂಡ ಮುಟ್ಟಲಿಲ್ಲ.

ಮೇರಿಮ್ ನೇರ ಅವನ ಮುಂದೆ ನಿಂತಳು.

"ದೊಡ್ಡ ಪಟ್ಟಣದ ದೊಡ್ಡ ಮೇಷ್ಟ್ರೇ! ಅಮ್ಮನ ಹೊಟ್ಟೇಲಿದ್ದ ವರ್ಷ ಎಣಿಸೋರು ಯಾರು, ನಿಮ್ಮಪ್ಪನಾ? ವಯಸ್ಸಿಗೆ ಕೂಡಿಸೋ ಆ 'ಒಂದು' ಅದೇ ರೀ!"

ಅವನ ಮುಖ ಬಿಳಿಚಿತು.

"ನನಗದನ್ನ ಯಾರೂ ಎಣಿಸಿಲ್ಲ, ಮೇರಿಮ್… ನಾನು ಹುಟ್ಟಿದ ದಿನವೇ ಅಮ್ಮ ಹೋದಳು. ಅನಾಥಾಲಯದಲ್ಲಿ ಬೆಳೆದೋನು. ಗೊತ್ತಿರಲಿಲ್ಲ."

ಮೇರಿಮ್ ನಾಲಿಗೆ ಕಚ್ಚಿಕೊಂಡಳು. 'ಎಂಥ ಮಾತಾಡಿಬಿಟ್ಟೆ!' ಕ್ಷಮೆ ಕೇಳಲು ಬಾಯಿ ತೆರೆದಳು… ಅವನಾಗಲೇ ಹೊರಟಿದ್ದ.

ಅವನು ಹೋದದ್ದು ಅಜ್ಜಿಯ ಮನೆಗೇ. ಮಂಡಿಯೂರಿದವನ ತಲೆ ಸವರಿ ಅಜ್ಜಿ ನಕ್ಕಳಂತೆ: "ಯಂತ್ರಕ್ಕೆ ಸೊನ್ನೆಯಿಂದ ಎಣಿಸೋದು ಹೇಳ್ಕೊಡು ಮಗಾ, ಬೇಡ ಅನ್ನಲ್ಲ. ಆದ್ರೆ ಮನುಷ್ಯರು ಸೊನ್ನೆಯಿಂದ ಶುರುವಾಗಲ್ಲ."

ಮರುದಿನ ಸರಿಯಾದ ಪಟ್ಟಿ ಬಿತ್ತು. ಮಕ್ಕಳನ್ನು ಹರಸಿದ ಅಜ್ಜಿಯ ದನಿ ಅಂಗಳದವರೆಗೂ ಕೇಳಿತು.

ಮಧ್ಯಾಹ್ನ ಕುಬಾತ್ ಮೇರಿಮಳನ್ನು ಕಂಪ್ಯೂಟರಿನ ಮುಂದೆ ಕರೆದ. ತಾನು ಹುಟ್ಟಿದ ವರ್ಷ ಒತ್ತಿದ. ಪರದೆಯ ಮೇಲೆ ಅಜ್ಜಿಯದೇ ಮಾತು ಮೂಡಿತು:

'ಇಪ್ಪತ್ತೈದು. ನಿನಗೆ ಮುಚೊಲ್ ಬಂದಿದೆ. ಪ್ರೀತಿಯ ವಸ್ತುವೊಂದನ್ನು ಯಾರಿಗಾದರೂ ಕೊಡು.'

ಅವನು ಚೀಲದಿಂದ ಮಡಿಸಿದ ಬಿಳಿ ತಲೆವಸ್ತ್ರ ತೆಗೆದು ಅವಳ ಅಂಗೈಯಲ್ಲಿಟ್ಟ.

"ಅಮ್ಮನದು."

ಅವಳು ಚಕ್ಕನೆ ತಲೆಯೆತ್ತಿದಳು. ಹುಡುಗಿಗೆ ಬಿಳಿ ತಲೆವಸ್ತ್ರವೇ?

"ಇದನ್ನ ತಲೆಗೆ ಹಾಕಿದ್ರೆ ಹುಡುಗಿ ಮದುಮಗಳಾದ ಹಾಗೆ… ಗೊತ್ತಾ ನಿಮಗೆ? ಇಲ್ಲ ಇದೂ ಗೊತ್ತಿಲ್ಲದೆ ಕೊಟ್ರಾ?"

"ಈ ಸಲ ಅಜ್ಜೀನ ಕೇಳ್ಕೊಂಡೇ ಬಂದೆ," ಅವನ ಕಿವಿ ಕೆಂಪಾಯಿತು. "ಅದಕ್ಕೇ ಕೈಗೆ ಕೊಟ್ಟೆ. ತಲೆಗೆ ಹಾಕ್ಕೊಳ್ಳೋದು, ಬಿಡೋದು ನಿಮ್ಮಿಷ್ಟ. ನಾನು ಒಬ್ಬನೇ, ಮೇರಿಮ್… ಇರೋದು ಇಷ್ಟೇ."

ಅವಳು ಮಡಿಕೆ ಬಿಚ್ಚಿದಳು. ಹಳೆಯ ಬಟ್ಟೆಗೆ ಸೋಪಿನ ಮಂದ ವಾಸನೆ. ನಿಧಾನವಾಗಿ, ತಾನೇ ತಲೆಗೆ ಹೊದ್ದು, ಗಂಟು ಹಾಕಿದಳು.

"ಮೇಷ್ಟ್ರೇ, ಮತ್ತೆ ಲೆಕ್ಕ ತಪ್ಪಿದೆ!"

"ಎಲ್ಲಿ?"

"ಒಬ್ಬನೇ ಅಂದ್ಯಲ್ಲ…" ಅವಳ ಕಣ್ಣು ತುಂಬಿ ನಕ್ಕಿತು. "ಒಂದು ಕೂಡಿಸು."